ಪಾಠ ಪುಕ್ಕಟೆ, ಕ್ರಮಕ್ಕೆ ಕಾಸು

ಟೆಕ್ಸಾಸ್‌ನಲ್ಲಿ ಮಗುವನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸುತ್ತೇನೆಂದರೆ ಸರ್ಕಾರ ಕೇಳುವುದು ಬಹಳ ಕಡಿಮೆ. ಓದು, ಕಾಗುಣಿತ, ವ್ಯಾಕರಣ, ಗಣಿತ, ಉತ್ತಮ ಪೌರತ್ವ, ಈ ಐದನ್ನು ಕಲಿಸಬೇಕು. ಪುಸ್ತಕವೋ ಕಂಪ್ಯೂಟರ್ ಪಾಠವೋ, ಕಣ್ಣಿಗೆ ಕಾಣುವ ಪಠ್ಯ ಒಂದಿರಬೇಕು. ಕಾಟಾಚಾರಕ್ಕಲ್ಲದೆ ನಿಜವಾಗಿ ಕಲಿಸಬೇಕು. ಅಷ್ಟೇ. ನೋಂದಣಿ ಇಲ್ಲ, ಪರೀಕ್ಷೆ ಇಲ್ಲ, ಇನ್‌ಸ್ಪೆಕ್ಟರ್ ಬರುವುದಿಲ್ಲ. ಪೋಷಕರು 1985ರಲ್ಲಿ ಹೂಡಿದ ಮೊಕದ್ದಮೆಯೊಂದು 1994ರಲ್ಲಿ ರಾಜ್ಯದ ಸುಪ್ರೀಂ ಕೋರ್ಟಿನಲ್ಲಿ ಅವರ ಪರವಾಗಿ ಇತ್ಯರ್ಥವಾಯಿತು. ಅಂದಿನಿಂದ ಹೋಮ್‌ಸ್ಕೂಲ್ ಅಂದರೆ ಇಲ್ಲಿ ಖಾಸಗಿ ಶಾಲೆಯ ಲೆಕ್ಕ.

ತಿಪಟೂರಿನಲ್ಲಿರುವ ಅತ್ತೆಗೆ ಇದು ಒಗ್ಗಿಲ್ಲ. “ಅಲ್ಲಮ್ಮ, ನಾಳೆ ಟಿ.ಸಿ. ಯಾರು ಕೊಡ್ತಾರೆ?” ಎಂಬುದು ಅವರ ಚಿಂತೆ. ಮಾವ ನಿವೃತ್ತ ಮೇಷ್ಟ್ರು, ಅವರದು ಬೇರೆ ವರಸೆ. “ಪಾಠ ಟಿಪ್ಪಣಿ ಬರೀತಿದೀಯೇನಮ್ಮ? ಸಹಿ ಯಾರು ಹಾಕ್ತಾರೆ?” ಸಹಿ ಹಾಕುವ ಹೆಡ್‌ಮಾಸ್ಟರ್ ಇಲ್ಲ ನಿಜ, ಆದರೆ ಮಾವ ಕೇಳಿದ್ದು ಸರಿಯಾದ ಪ್ರಶ್ನೆ. ಸೋಮವಾರ ಬೆಳಿಗ್ಗೆ ಏನು ಕಲಿಸಬೇಕು, ಮಂಗಳವಾರ ಅದರ ಮುಂದಕ್ಕೆ ಏನು, ಹಿಂದಿನ ವಾರದ್ದು ಮತ್ತೆ ಯಾವಾಗ ಕೇಳಬೇಕು, ಇದನ್ನೆಲ್ಲ ಯಾರೋ ಒಬ್ಬರು ಬರೆದಿಡಲೇಬೇಕು. ಇಲ್ಲಿನ ಹೋಮ್‌ಸ್ಕೂಲ್ ಅಮ್ಮಂದಿರ ಮುಗಿಯದ ತಕರಾರು ಅದೇ. ನಾವೇ ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುವುದನ್ನು ಹೆಕ್ಕಿ ಜೋಡಿಸುವುದೋ, ದುಡ್ಡು ಕೊಟ್ಟು ವರ್ಷದ ಪಠ್ಯವನ್ನು ಇಡಿಯಾಗಿ ತರಿಸುವುದೋ?

ಪುಕ್ಕಟೆ ಸಿಗುವುದು ಕಳಪೆ ಅಂದುಕೊಳ್ಳಬೇಡಿ. ಸಲ್ಮಾನ್ ಖಾನ್ (ನಟ ಅಲ್ಲ, ಲೆಕ್ಕದ ಖಾನ್) 2008ರಲ್ಲಿ ಕಟ್ಟಿದ ಖಾನ್ ಅಕಾಡೆಮಿಯಲ್ಲಿ ಕೂಡುವ ಲೆಕ್ಕದಿಂದ ಕ್ಯಾಲ್ಕುಲಸ್‌ವರೆಗೆ ಎಲ್ಲವೂ ಉಚಿತ. ನೀರೂ ಖೋಸ್ಲಾ ಮತ್ತು ಮುರುಗನ್ ಪಾಲ್ 2007ರಲ್ಲಿ ಶುರು ಮಾಡಿದ ಸಿಕೆ-12ನಲ್ಲಿ ವಿಜ್ಞಾನ, ಗಣಿತದ ಇಡೀ ಪಠ್ಯಪುಸ್ತಕಗಳೇ ಸಿಗುತ್ತವೆ. ಕೋರ್ ನಾಲೆಡ್ಜ್ ಪ್ರತಿಷ್ಠಾನ ಇತಿಹಾಸ, ಭೂಗೋಳ, ಇಂಗ್ಲಿಷ್ ಪಾಠಗಳನ್ನು ಶಿಕ್ಷಕರ ಕೈಪಿಡಿ ಸಮೇತ ಪಿಡಿಎಫ್ ಮಾಡಿ ಇಟ್ಟಿದೆ. ಅದರ ಎರಡನೇ ತರಗತಿಯಲ್ಲೇ ಪ್ರಾಚೀನ ಭಾರತ ಬರುತ್ತದೆ. ಈಜಿಪ್ಟ್, ಗ್ರೀಸ್ ಅಂತ ಊರೆಲ್ಲ ಸುತ್ತಿಸಿ ನಮ್ಮ ಮನೆ ಬಾಗಿಲಿಗೆ ಬಾರದ ಪುಸ್ತಕಗಳನ್ನು ನೋಡಿದ್ದ ನನಗೆ ಅದು ಸಮಾಧಾನ ತಂದ ವಿಷಯ. ಲೈಬ್ರರಿ ಕಾರ್ಡ್ ಒಂದಿದ್ದರೆ ಕಥೆ ಪುಸ್ತಕಕ್ಕೂ ಖರ್ಚಿಲ್ಲ, ಫೋನಿನಲ್ಲಿ ಲಿಬ್ಬಿ ಆ್ಯಪ್ ಹಾಕಿಕೊಂಡರೆ ಮನೆ ಬಿಟ್ಟು ಏಳುವುದೂ ಬೇಡ.

ತೊಂದರೆ ಶುರುವಾಗುವುದು ಜೋಡಿಸುವಾಗ. ಇಂಥ ಕೈಪಿಡಿಗಳಲ್ಲಿ ಬಹುಪಾಲು ಶಾಲೆಯ ತರಗತಿಗೆಂದು ಬರೆದವು. “ಈಗ ಪಕ್ಕದವರ ಕಡೆ ತಿರುಗಿ ನಿಮ್ಮ ಅಭಿಪ್ರಾಯ ಹೇಳಿ” ಅಂತ ಓದಿದೆ. ಮಗಳು ಗಂಭೀರವಾಗಿ ಹೈಚೇರಿನಲ್ಲಿ ಇಡ್ಲಿ ಕಿವುಚುತ್ತಿದ್ದ ತಮ್ಮನ ಕಡೆ ತಿರುಗಿ ಇಮ್ಮಡಿ, ಮುಮ್ಮಡಿ ಎಲ್ಲ ವಿವರಿಸಿದಳು. ಇಪ್ಪತ್ತು ಮಕ್ಕಳಿಗೆ ಬರೆದದ್ದನ್ನು ಒಂದು ಮಗುವಿಗೆ ಇಳಿಸಬೇಕು, ನಲವತ್ತು ಪುಟದಲ್ಲಿ ಬೇಕಾದ ನಾಲ್ಕನ್ನು ಆರಿಸಬೇಕು, ಪ್ರಿಂಟ್ ತೆಗೆಯಬೇಕು, ಇಂಕ್ ಕಾರ್ಟ್ರಿಜ್ ಖಾಲಿಯಾದಾಗ ಬೆಲೆ ನೋಡಿ ಉಸ್ಸಪ್ಪಾ ಅನ್ನಬೇಕು. ಇದೆಲ್ಲ ಮಕ್ಕಳು ಮಲಗಿದ ಮೇಲಿನ ಕೆಲಸ. ನನ್ನದು ಗಂಡನ ಕೆಲಸದ ವೀಸಾದ ಬೆನ್ನಿಗೆ ಸಿಗುವ ಎಚ್-4 ವೀಸಾ, ಸಂಬಳದ ಕೆಲಸ ಮಾಡುವ ಪರವಾನಗಿ ಇಲ್ಲ. ಹಾಗಾಗಿ ನನ್ನ ಗಂಟೆಗಳೂ ಪುಕ್ಕಟೆ ಅನ್ನುವುದು ಎಲ್ಲರ ಎಣಿಕೆ. “ಉಚಿತ ಪಠ್ಯ” ಅನ್ನುವವರು ಆ ಗಂಟೆಗಳನ್ನು ಎಲ್ಲೂ ಬರೆದಿಡುವುದಿಲ್ಲ.

ಹಾಗಂತ ದಿನವಾರು ಜೋಡಿಸಿಟ್ಟ ಉಚಿತ ಪಠ್ಯ ಇಲ್ಲವೇ ಇಲ್ಲ ಎಂದಲ್ಲ. ಈಸಿ ಪೀಸಿ ಎಂಬುದನ್ನು ತಾಯಿಯೊಬ್ಬರು ತಮ್ಮ ಮಕ್ಕಳಿಗೆಂದೇ ಮಾಡಿದ್ದು, ವರ್ಷಕ್ಕೆ 180 ದಿನದ ಪಾಠ ಸಾಲಾಗಿ ಸಿಗುತ್ತದೆ. ಅದು ಕ್ರೈಸ್ತ ಮನೆಯ ಪಠ್ಯ, ಬೈಬಲ್ ಪಾಠವೂ ಸಾಲಿನಲ್ಲಿದೆ, ಬೇಡದವರು ಬಿಟ್ಟು ಮುಂದೆ ಹೋಗಬಹುದು. ಕೊಳ್ಳುವ ಪಠ್ಯಗಳಲ್ಲೂ ಇದೇ ಕಥೆ. ಅಮೆರಿಕದ ಹೋಮ್‌ಸ್ಕೂಲ್ ಪ್ರಕಾಶಕರಲ್ಲಿ ಹಳಬರು, ದೊಡ್ಡವರು ಅನೇಕರು ಕ್ರೈಸ್ತ ಸಂಸ್ಥೆಗಳೇ. ಅವರಲ್ಲಿ ಕೆಲವರ ವಿಜ್ಞಾನ ಪುಸ್ತಕದಲ್ಲಿ ಭೂಮಿಯ ವಯಸ್ಸು ಕೆಲವೇ ಸಾವಿರ ವರ್ಷ, ಡೈನೋಸಾರ್ ಜೊತೆಗೇ ಮನುಷ್ಯ. ಅದು ಅವರ ನಂಬಿಕೆ, ಬಚ್ಚಿಟ್ಟೇನೂ ಮಾರುವುದಿಲ್ಲ. ಆದರೆ ಹೊಸದಾಗಿ ಬಂದ ನಮ್ಮವರು ಚಂದದ ಮುಖಪುಟ ನೋಡಿ ತರಿಸಿಬಿಡುತ್ತಾರೆ. ಧರ್ಮದ ಪಾಠ ಬೆರೆಯದ ಪಠ್ಯ ಬೇಕೆಂದರೆ ಇಲ್ಲಿ “ಸೆಕ್ಯುಲರ್” ಅಂತ ಹಾಕಿ ಹುಡುಕುವುದು ರೂಢಿ. ವರ್ಮಾಂಟಿನ ಓಕ್ ಮೆಡೋದಂಥವರು 1975ರಿಂದ ಆ ಬಗೆಯ ಪಠ್ಯ ಮಾಡುತ್ತಿದ್ದಾರೆ. ಬೆಲೆ? ಎಲ್ಲ ವಿಷಯ ಸೇರಿದ ಪೆಟ್ಟಿಗೆಗೆ ವರ್ಷಕ್ಕೆ ನೂರಾರು ಡಾಲರ್, ಕೆಲವಂತೂ ಸಾವಿರವನ್ನೂ ದಾಟುತ್ತವೆ. ಎರಡು ಮಕ್ಕಳಿದ್ದರೆ ಗಂಡನ ಮುಖ ನೋಡಿಕೊಂಡು ಆರ್ಡರ್ ಮಾಡಬೇಕು.

ನಾನು ದುಡ್ಡು ಕೊಡುವುದು ಗಣಿತಕ್ಕೆ ಮಾತ್ರ. ಇತಿಹಾಸದಲ್ಲಿ ಗ್ರೀಸ್ ಮೊದಲು ಓದಿ ಸಿಂಧೂ ಕಣಿವೆ ಆಮೇಲೆ ಓದಿದರೆ ಮಗುವಿಗೆ ನಷ್ಟವಿಲ್ಲ. ಚಿಟ್ಟೆಯ ಜೀವನಚಕ್ರಕ್ಕೂ ಗ್ರಹಣಕ್ಕೂ ಹಿಂದುಮುಂದಿನ ಹಂಗಿಲ್ಲ. ಗಣಿತ ಹಾಗಲ್ಲ, ಅಲ್ಲಿ ಒಂದು ಮೆಟ್ಟಿಲು ಅಲ್ಲಾಡಿದರೆ ಮೇಲಿನದೆಲ್ಲ ಅಲ್ಲಾಡುತ್ತದೆ. ಮೂರು ಕಡೆಯಿಂದ ಹೆಕ್ಕಿದ ವರ್ಕ್‌ಶೀಟಿನಲ್ಲಿ ಕಳೆಯುವುದನ್ನು ಮೂರು ರೀತಿ ಹೇಳಿರುತ್ತಾರೆ. ನಮ್ಮ ಮನೆಯಲ್ಲಿರುವುದು ಸಿಂಗಪುರದ ಪದ್ಧತಿಯ ಪುಸ್ತಕ. ಸಿಂಗಪುರ ಸರ್ಕಾರ 1980ರ ದಶಕದಲ್ಲಿ ತನ್ನ ಶಾಲೆಗಳಿಗೆ ರೂಪಿಸಿದ್ದು, 1995ರ ಅಂತಾರಾಷ್ಟ್ರೀಯ ಪರೀಕ್ಷೆಯಲ್ಲಿ ಆ ಊರಿನ ಮಕ್ಕಳು ಮೊದಲ ಸ್ಥಾನಕ್ಕೆ ಬಂದ ಮೇಲೆ ಅಮೆರಿಕದವರ ಕಣ್ಣಿಗೆ ಬಿತ್ತು. ಮೊದಲು ಕೈಯಲ್ಲಿ ಮುಟ್ಟುವ ವಸ್ತು, ಆಮೇಲೆ ಚಿತ್ರ, ಕೊನೆಗೆ ಅಂಕಿ. ಎಂಟಕ್ಕೆ ಐದು ಕೂಡಬೇಕೆಂದರೆ ಹತ್ತು ಚೌಕದ ಒಂದು ಪಟ್ಟಿಯಲ್ಲಿ ಎಂಟು ರಾಜ್ಮಾ ಕಾಳು ಇಡುತ್ತೇವೆ. ಖಾಲಿ ಚೌಕ ಎರಡು. ಐದು ಕಾಳಿನಲ್ಲಿ ಎರಡು ಅಲ್ಲಿಗೆ ಹೋಗುತ್ತವೆ, ಹೊರಗೆ ಮೂರು ಉಳಿಯುತ್ತವೆ. ಹತ್ತು, ಮೂರು, ಹದಿಮೂರು. ಆದರೆ ಇದಕ್ಕೂ ಮೊದಲು ಐದನ್ನು ಎಷ್ಟು ರೀತಿ ಒಡೆಯಬಹುದು ಅನ್ನುವುದನ್ನು ಪುಸ್ತಕ ವಾರಗಟ್ಟಲೆ ಆಡಿಸಿರುತ್ತದೆ. ಆ ವಾರಗಳ ಎಣಿಕೆಗೇ ನಾನು ದುಡ್ಡು ಕೊಡುವುದು. ಕಾಳಿನ ಉಪಾಯವಂತೂ ಯಾವ ವೀಡಿಯೊದಲ್ಲಾದರೂ ಸಿಗುತ್ತದೆ.

ಕ್ರಮದ ಬೆಲೆ ಇಷ್ಟು ಅಂತ ಕುಣಿಯುತ್ತಿದ್ದ ನನಗೆ, ಮಗಳಿಗೆ ಕನ್ನಡ ಕಲಿಸಲು ಕೂತಾಗ ಸಿಕ್ಕಿದ್ದು ನಮ್ಮದೇ ಸರ್ಕಾರದ ನಲಿ-ಕಲಿ. ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ಯುನಿಸೆಫ್ ನೆರವಿನಿಂದ ಶುರುವಾದ ಪದ್ಧತಿ. ಅದರಲ್ಲಿ ಅಕ್ಷರಗಳು ಅ ಆ ಇ ಈ ಅಂತ ಬರುವುದಿಲ್ಲ, ಮೊದಲ ಗುಂಪೇ ರ, ಗ, ಸ, ದ, ಅ. ಐದೇ ಅಕ್ಷರ, ಒತ್ತಿಲ್ಲ, ದೀರ್ಘವಿಲ್ಲ, ಆದರೂ ಮಗು ಅರಸ, ಅಗಸ, ಸರ, ಗದಗ ಎಲ್ಲ ಓದಿಬಿಡುತ್ತದೆ. ಮಗಳು ಗದಗ ಅಂತ ಓದಿ “ಇದು ಊರಾ?” ಅಂದಳು, ಮ್ಯಾಪ್ ತೆಗೆದು ತೋರಿಸಿದೆ. ಕಲಿಕೆಯ ಏಣಿ, ಮೆಟ್ಟಿಲಿಗೊಂದು ಕಾರ್ಡು, ಪ್ರತಿ ಮಗು ತನ್ನ ವೇಗದಲ್ಲಿ ಹತ್ತುವುದು. ಇಲ್ಲಿ ಇದೇ ಮಾತನ್ನು ನುಣುಪು ಕಾಗದದಲ್ಲಿ ಅಚ್ಚು ಹಾಕಿ ಡಾಲರಿಗೆ ಮಾರುತ್ತಾರೆ. ಕರ್ನಾಟಕ ಪಠ್ಯಪುಸ್ತಕ ಸಂಘದ ಪುಸ್ತಕಗಳೂ, ಎನ್‌ಸಿಇಆರ್‌ಟಿ ಪುಸ್ತಕಗಳೂ ಪಿಡಿಎಫ್ ರೂಪದಲ್ಲಿ ಉಚಿತ. ಊರಿನಿಂದ ಬರುವವರ ಕೈಲಿ ಉಪ್ಪಿನಕಾಯಿ ತರಿಸುವ ನಾವು ಇದನ್ನು ಹುಡುಕುವುದೇ ಇಲ್ಲ, ಯಾಕೋ.

ಇಷ್ಟೆಲ್ಲ ಟೆಕ್ಸಾಸಿನ ಮಾತು. ನ್ಯೂಯಾರ್ಕ್ ರಾಜ್ಯದಲ್ಲಿರುವ ಗೆಳತಿ ನನ್ನಂತೆ ಬಿಡಿಬಿಡಿಯಾಗಿ ಹೆಕ್ಕುವ ಧೈರ್ಯ ಮಾಡುವುದಿಲ್ಲ. ಅಲ್ಲಿ ವರ್ಷದ ಆರಂಭದಲ್ಲೇ ಬೋಧನಾ ಯೋಜನೆ ಕೊಡಬೇಕು, ಮೂರು ತಿಂಗಳಿಗೊಮ್ಮೆ ವರದಿ, ವರ್ಷದ ಕೊನೆಗೆ ಮೌಲ್ಯಮಾಪನ, ಒಂದರಿಂದ ಆರನೇ ತರಗತಿವರೆಗೆ ವರ್ಷಕ್ಕೆ 900 ಗಂಟೆ. ಕೊಂಡ ಪುಸ್ತಕವಾದರೆ ಪರಿವಿಡಿಯನ್ನೇ ಯೋಜನೆಗೆ ಇಳಿಸಿದರಾಯಿತು. ಹತ್ತು ಕಡೆಯ ಲಿಂಕ್ ಬರೆದರೆ ಒಂದೊಂದಕ್ಕೂ ವಿವರಣೆ ಕೊಡುತ್ತಾ ಕೂರಬೇಕು. ಅವಳಿಗೆ ಪೆಟ್ಟಿಗೆ ದುಬಾರಿಯಲ್ಲ, ಕಾಗದಪತ್ರದ ಕೂಲಿ ಅದರೊಳಗೇ ಸೇರಿದೆ. ಕಂಪನಿ ನಾಳೆ ಇನ್ನೊಂದು ರಾಜ್ಯಕ್ಕೆ ಎತ್ತಿ ಹಾಕಿದರೆ ನನ್ನ ಲೆಕ್ಕವೂ ಬದಲಾಗುತ್ತದೆ.

ಅತ್ತೆಯ ಟಿ.ಸಿ. ವಿಷಯ: ಊರಿಗೆ ಮರಳಿದರೆ, 6ರಿಂದ 14 ವರ್ಷದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಲು 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ದಾರಿ ಇದೆ. ಕೇಂದ್ರ ಸರ್ಕಾರದ ಮುಕ್ತ ಶಾಲೆ ಎನ್‌ಐಒಎಸ್‌ನಲ್ಲಿ ಮೂರು, ಐದು, ಎಂಟನೇ ತರಗತಿಗೆ ಸಮನಾದ ಹಂತಗಳೂ ಇವೆ, ಹತ್ತನೆಯದೂ ಇದೆ. ಇದನ್ನು ಹೇಳಿದ ಮೇಲೆ ಅತ್ತೆ ಸುಮ್ಮನಾದರು. ಒಪ್ಪಿದರು ಅಂತ ಹೇಳಲಾರೆ.

ಕೊಳ್ಳುವುದಾದರೂ ಹೊಸದೇ ಬೇಕಿಲ್ಲ. ವಸಂತದ ಕೊನೆಗೆ ಚರ್ಚ್ ಹಾಲುಗಳಲ್ಲಿ ಹಳೆ ಪುಸ್ತಕ ಮಾರಾಟ ನಡೆಯುತ್ತದೆ, ಮೇಜಿಗೊಬ್ಬ ಅಮ್ಮ. ಶಿಕ್ಷಕರ ಕೈಪಿಡಿ ಹಳೆಯದೇ ಒಳ್ಳೆಯದು. ನಾನು ತಂದದ್ದರ ಅಂಚಿನಲ್ಲಿ ಯಾರೋ ಪೆನ್ಸಿಲಿನಲ್ಲಿ “ಇಲ್ಲಿ ಅಳು ಬರುತ್ತದೆ, ಎರಡು ದಿನಕ್ಕೆ ಹಂಚು” ಅಂತ ಬರೆದಿದ್ದರು. ಭಾಗಾಕಾರದ ಪುಟ. ಅವರು ಬರೆದಂತೆಯೇ ಆಯಿತು. ಮಗು ಬರೆಯುವ ವರ್ಕ್‌ಬುಕ್ ಮಾತ್ರ ಹೊಸದು ತೆಗೆದುಕೊಳ್ಳಬೇಕು.

2025ರಲ್ಲಿ ಟೆಕ್ಸಾಸ್ ಹೊಸ ಕಾನೂನು ಮಾಡಿದೆ. 2026-27ರಿಂದ, ಅರ್ಜಿ ಹಾಕಿ ಆಯ್ಕೆಯಾದ ಹೋಮ್‌ಸ್ಕೂಲ್ ಮಗುವಿಗೆ ವರ್ಷಕ್ಕೆ 2,000 ಡಾಲರ್‌ವರೆಗೆ ಸರ್ಕಾರದ ಹಣ, ಅದನ್ನು ಒಪ್ಪಿಗೆ ಪಡೆದ ಮಾರಾಟಗಾರರ ಬಳಿ ಖರ್ಚು ಮಾಡಬೇಕು. ನಮ್ಮ ಅಮ್ಮಂದಿರ ಗುಂಪಿನಲ್ಲಿ ಈಗಲೇ ಯಾವ ಪೆಟ್ಟಿಗೆ, ಯಾವ ಕಂಪನಿ ಅಂತ ಚರ್ಚೆ ಜೋರಾಗಿದೆ. ಪುಕ್ಕಟೆ ಪಾಠವೇ ಸಾಕು ಅನ್ನುತ್ತಿದ್ದವರೂ ಬೆಲೆಪಟ್ಟಿ ತೆಗೆದಿದ್ದಾರೆ. ರಾತ್ರಿ ಹತ್ತರ ಮೇಲೆ ಕೂತು ಪಾಠ ಜೋಡಿಸುವವಳ ಕೂಲಿಗೆ ಆ ಖಾತೆಯಲ್ಲಿ ಕಾಲಂ ಇದೆಯಾ ಅಂತ ನಾನು ಕೇಳಿದೆ. ಎಲ್ಲರೂ ನಗುವ ಮುಖದ ಎಮೋಜಿ ಹಾಕಿ ಮತ್ತೆ ಪೆಟ್ಟಿಗೆಯ ಮಾತಿಗೆ ಹೋದರು.