ಎರೆಮಣ್ಣಿನ ಗುರುತು: ಹೆಂಟೆ, ಬಿರುಕು ಮತ್ತು ಮಳೆಯ ಲೆಕ್ಕ

ಮಣ್ಣು ಪರೀಕ್ಷೆಯ ವರದಿಯನ್ನು ಮುಂದಿಟ್ಟು "ಇದು ಯಾವ ಜಾತಿಯ ಮಣ್ಣು?" ಎಂದು ಕೇಳುವವರಿಗೆ ನನ್ನ ಉತ್ತರ ಸಾಮಾನ್ಯವಾಗಿ ನಿರಾಸೆ ತರುತ್ತದೆ. ರಸಸಾರ, ಲವಣಾಂಶ, ಸಾವಯವ ಇಂಗಾಲ, ರಂಜಕ, ಪೊಟ್ಯಾಷ್ ಇಷ್ಟನ್ನು ಹೇಳುವ ಹಾಳೆ ಈ ಹಂಗಾಮಿಗೆ ಎಷ್ಟು ಗೊಬ್ಬರ ಬೇಕೆಂದು ತಿಳಿಯಲು ಸಾಕು. ಮಣ್ಣಿನ ಜಾತಿಯನ್ನು ತೀರ್ಮಾನಿಸಲು ಸಾಲದು. ಅದಕ್ಕೆ ಪ್ರಯೋಗಾಲಯದ ಅಂಕಿಗಳ ಜೊತೆಗೆ ಆ ಸ್ಥಳದ ಹವಾಮಾನ ಮತ್ತು ನೆಲದ ಇಳಿಜಾರಿನ ಮಾಹಿತಿಯೂ ಬೇಕು. ಈ ಮೂರೂ ಒಂದೇ ಮಾತು ಹೇಳಿದರೆ ಕೆಲಸ ಬೇಗ ಮುಗಿಯುತ್ತದೆ. ಒಂದಕ್ಕೊಂದು ಹೊಂದದೇ ಹೋದಾಗಲೇ ಆ ಮಣ್ಣಿನ ವಿಚಾರದಲ್ಲಿ ನಾವು ಹೊಸತೇನಾದರೂ ಕಲಿಯುತ್ತೇವೆ ಎಂಬುದು ನನ್ನ ಅಭಿಪ್ರಾಯ. ಇದಕ್ಕೆ ಎರೆಮಣ್ಣಿಗಿಂತ ಒಳ್ಳೆಯ ಉದಾಹರಣೆ ಇಲ್ಲ.

ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ವರ್ಟಿಸಾಲ್ ಎನ್ನಿಸಿಕೊಳ್ಳುವ ಈ ಮಣ್ಣು ಜಗತ್ತಿನಲ್ಲಿ ಸುಮಾರು 33.5 ಕೋಟಿ ಹೆಕ್ಟೇರಿನಷ್ಟು ಹರಡಿದೆ ಎಂಬ ಅಂದಾಜಿದೆ. ದಖ್ಖನ್ ಪ್ರಸ್ಥಭೂಮಿ, ಸುಡಾನಿನ ಗೆಜಿರಾ ಬಯಲು, ಆಸ್ಟ್ರೇಲಿಯಾದ ಡಾರ್ಲಿಂಗ್ ಡೌನ್ಸ್, ಅಮೆರಿಕದ ಟೆಕ್ಸಸ್ ಎಲ್ಲೆಡೆಯೂ ಇದೆ. ಇಷ್ಟು ದೂರದೂರದ ನೆಲಗಳನ್ನು ಒಂದೇ ಹೆಸರಿನಡಿ ತಂದದ್ದು ಕಪ್ಪು ಬಣ್ಣವಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಕಪ್ಪಾಗಿರುವುದರಿಂದ ಸಾವಯವ ಅಂಶ ಹೇರಳವಾಗಿದೆ ಎಂದು ಹಲವರು ನಂಬುತ್ತಾರೆ. ಮಣ್ಣಿನ ಬಣ್ಣವನ್ನು ಹೋಲಿಸಿ ನೋಡುವ ಮನ್ಸೆಲ್ ಪುಸ್ತಕದಲ್ಲಿ 10 ವೈಆರ್ 3/1 ಎಂಬ ಗುರುತಿಗೆ ಹೊಂದುವಷ್ಟು ಕಡುಬಣ್ಣದ ದಖ್ಖನ್ ಮಣ್ಣಿನಲ್ಲೂ ಸಾವಯವ ಇಂಗಾಲ ಬಹುಮಟ್ಟಿಗೆ ಶೇ. 1ಕ್ಕಿಂತ ಕಡಿಮೆಯೇ ಇರುತ್ತದೆ. ಇರುವ ಅಲ್ಪ ಹ್ಯೂಮಸ್ಸು (ಕೊಳೆತ ಸಾವಯವ ಅಂಶ) ಜೇಡಿಕಣಗಳಿಗೆ ಬಿಗಿಯಾಗಿ ಅಂಟಿಕೊಂಡಿರುವುದರಿಂದ ಆ ಕಪ್ಪು ಬರುತ್ತದೆ. ಮಣ್ಣು ವಿಜ್ಞಾನಿ ಡೊಕುಚಾಯೆವ್ 1883ರಲ್ಲಿ ವಿವರಿಸಿದ ರಷ್ಯಾದ ಚೆರ್ನೊಜೆಮ್ ಕೂಡ ಕಪ್ಪೇ, ಅದರ ಕಪ್ಪು ನಿಜವಾಗಿಯೂ ಹುಲ್ಲುಗಾವಲಿನ ಹ್ಯೂಮಸ್ಸಿನದು. ಎರಡೂ ಬೇರೆ ಬೇರೆ ಮಣ್ಣುಗಳು.

ಕೆಲಸ ಆರಂಭವಾಗುವುದು ಗುಂಡಿಯಿಂದ. ಸುಮಾರು ಒಂದೂವರೆ ಮೀಟರ್ ಆಳಕ್ಕೆ ತೋಡಿ, ಬಿಸಿಲು ಬೀಳುವ ಗೋಡೆಯನ್ನು ಚಾಕುವಿನ ಮೊನೆಯಿಂದ ಮೆಲ್ಲಗೆ ಎಬ್ಬುತ್ತಾ ಹೋದರೆ, ಮೇಲೆ ಹರಳು ಹರಳಾಗಿ ಉದುರುತ್ತಿದ್ದ ಮಣ್ಣು ಅರ್ಧ ಮೀಟರಿನ ಆಸುಪಾಸಿನಲ್ಲಿ ಬೆಣೆಯಾಕಾರದ ಹೆಂಟೆಗಳಾಗಿ ಓರೆಯಾಗಿ ಕಳಚತೊಡಗುತ್ತದೆ. ಕಳಚಿದ ಮೈ ಎಣ್ಣೆ ಸವರಿದಂತೆ ಮಿನುಗುತ್ತದೆ. ಬೆಳಕಿಗೆ ವಾರೆಯಾಗಿ ಹಿಡಿದರೆ ಒಂದೇ ದಿಕ್ಕಿಗೆ ಎಳೆದ ಸಣ್ಣ ಗೀರುಗಳು ಕಾಣುತ್ತವೆ. ಹೆಬ್ಬೆರಳಿಗೆ ಗೀರುಗಳ ಉದ್ದಕ್ಕೆ ನುಣುಪು, ಅಡ್ಡಕ್ಕೆ ತುಸು ತರಿ. ಇದನ್ನೇ ಸ್ಲಿಕನ್‌ಸೈಡ್ ಎನ್ನುತ್ತಾರೆ. ನೆನೆದು ಉಬ್ಬಿದ ಮಣ್ಣಿಗೆ ಪಕ್ಕಕ್ಕೆ ಜಾಗವಿಲ್ಲದೆ, ಮೇಲಿನ ಭಾರವನ್ನೂ ಪೂರ್ತಿ ಎತ್ತಲಾಗದೆ, ಓರೆಯಾಗಿ ಸೀಳಿ ಒಂದರ ಮೇಲೊಂದು ಜಾರಿದ ಗುರುತು ಅದು. ಅಮೆರಿಕದ ಮಣ್ಣು ವರ್ಗೀಕರಣದಲ್ಲಿ ಮೊದಲ ಒಂದು ಮೀಟರಿನೊಳಗೆ, ಕನಿಷ್ಠ 25 ಸೆಂ.ಮೀ. ದಪ್ಪದ ಪದರದಲ್ಲಿ, ಇಂಥ ಜಾರುಮೈಗಳಾಗಲಿ ಸಮತಲಕ್ಕೆ 10ರಿಂದ 60 ಡಿಗ್ರಿ ವಾಲಿದ ಬೆಣೆ ಹೆಂಟೆಗಳಾಗಲಿ ಇರಬೇಕು. ಅದರ ಜೊತೆಗೆ 50 ಸೆಂ.ಮೀ.ವರೆಗೆ ಶೇ. 30ಕ್ಕೆ ಕಡಿಮೆಯಿಲ್ಲದ ಜೇಡಿ, ನಿಯತವಾಗಿ ಬಾಯಿಬಿಟ್ಟು ಮುಚ್ಚುವ ಬಿರುಕುಗಳು ಇರಬೇಕು.

ಬಿರುಕಿಗೆ ಮೇಲ್ಮಣ್ಣು ಉದುರಿ, ಮಳೆಗಾಲದಲ್ಲಿ ಅದೂ ಉಬ್ಬಿ, ಮಣ್ಣು ತನ್ನನ್ನು ತಾನೇ ಪೂರ್ತಿ ಮಗುಚಿಕೊಳ್ಳುತ್ತದೆ ಎಂಬ ಹಳೆಯ ವಿವರಣೆ ಈಗಲೂ ಪಾಠಗಳಲ್ಲಿ ಉಳಿದುಕೊಂಡಿದೆ. ಮಗುಚುವಿಕೆ ಅಷ್ಟು ಸಂಪೂರ್ಣವಾಗಿದ್ದರೆ ಆಳಕ್ಕೆ ಇಳಿದಂತೆ ಇಂಗಾಲದ ವಯಸ್ಸು ಕ್ರಮವಾಗಿ ಹೆಚ್ಚಬಾರದಿತ್ತು. ರೇಡಿಯೋಕಾರ್ಬನ್ ಅಳತೆಗಳಲ್ಲಿ ಅದು ಹೆಚ್ಚುತ್ತದೆ. ಆದ್ದರಿಂದ ಉಬ್ಬಿ ಸೀಳಿ ಜಾರುವ ವಿವರಣೆಯನ್ನೇ ನಾನು ಒಪ್ಪುತ್ತೇನೆ.

ಪ್ರಯೋಗಾಲಯದಲ್ಲಿ ಮೊದಲ ಪ್ರಶ್ನೆ ಜೇಡಿ ಎಷ್ಟು ಎಂಬುದು. ಹೈಡ್ರೋಜನ್ ಪೆರಾಕ್ಸೈಡಿನಿಂದ ಸಾವಯವ ಅಂಶವನ್ನು ಕಳೆದು, ಸೋಡಿಯಂ ಹೆಕ್ಸಾಮೆಟಾಫಾಸ್ಫೇಟ್ ದ್ರಾವಣದಲ್ಲಿ ಕಣಗಳನ್ನು ಬಿಡಿಬಿಡಿಯಾಗಿಸಿ, ಉದ್ದನೆಯ ಗಾಜಿನ ಜಾಡಿಯಲ್ಲಿ ಕದಡಿ ಬಿಡುತ್ತಾರೆ. 20 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ 2 ಮೈಕ್ರಾನ್ ವ್ಯಾಸದ ಕಣ 10 ಸೆಂ.ಮೀ. ಇಳಿಯಲು ಸುಮಾರು 8 ಗಂಟೆ ಬೇಕು. ಅಷ್ಟು ಹೊತ್ತಾದ ಮೇಲೆ ಆ ಆಳದಿಂದ ಪಿಪೆಟ್ಟಿನಲ್ಲಿ ಎಳೆದ ನೀರಿನಲ್ಲಿ ತೇಲುತ್ತಿರುವುದೆಲ್ಲ ಜೇಡಿ. ಸುಣ್ಣ ಹೆಚ್ಚಿರುವ ಎರೆಮಣ್ಣಿನಲ್ಲಿ ಈ ಪರೀಕ್ಷೆ ತೋರುವಷ್ಟು ಸುಲಭವಲ್ಲ. ಕ್ಯಾಲ್ಸಿಯಂ ಕಣಗಳನ್ನು ಗುಂಪುಗೂಡಿಸಿ ಬೇಗ ಕೆಳಗಿಳಿಸುವುದರಿಂದ ಜೇಡಿ ಇರುವುದಕ್ಕಿಂತ ಕಡಿಮೆ ಎಂದೂ, ರೇವೆ (ಜೇಡಿಗಿಂತ ದಪ್ಪ ಕಣ) ಹೆಚ್ಚು ಎಂದೂ ವರದಿಯಾಗುತ್ತದೆ. ಬೆರಳಿಗೆ ಅಂಟಂಟಾಗಿ ಉದ್ದಕ್ಕೆ ಎಳೆಯಬಲ್ಲ ಮಣ್ಣಿಗೆ ಶೇ. 35 ಜೇಡಿ ಎಂಬ ವರದಿ ಬಂದರೆ ನಾನು ಬೆರಳನ್ನು ನಂಬಿ, ಪರೀಕ್ಷೆಯನ್ನು ಮತ್ತೊಮ್ಮೆ ಮಾಡಲು ಹೇಳುತ್ತೇನೆ.

ಜೇಡಿಯ ಪ್ರಮಾಣಕ್ಕಿಂತ ಅದರ ಖನಿಜ ಯಾವುದೆಂಬುದು ಮುಖ್ಯ. ಇದಕ್ಕೆ ಅಗ್ಗದ ಸೂಚಕವೆಂದರೆ ಕ್ಯಾಟಯಾನ್ ವಿನಿಮಯ ಸಾಮರ್ಥ್ಯವನ್ನು (ಧನ ಅಯಾನುಗಳನ್ನು ಮಣ್ಣು ಹಿಡಿದಿಟ್ಟು ಬಿಟ್ಟುಕೊಡಬಲ್ಲ ಪ್ರಮಾಣವನ್ನು) ಜೇಡಿಯ ಶೇಕಡಾವಾರಿನಿಂದ ಭಾಗಿಸುವುದು. ಶೇ. 60 ಜೇಡಿಯಿರುವ ಎರಡು ಮಣ್ಣುಗಳನ್ನು ತೆಗೆದುಕೊಳ್ಳೋಣ. ಒಂದರ ವಿನಿಮಯ ಸಾಮರ್ಥ್ಯ ಕಿಲೋಗ್ರಾಮಿಗೆ 50 ಸೆಂಟಿಮೋಲ್ ಇದ್ದರೆ ಅನುಪಾತ 0.83, ಇನ್ನೊಂದರದು 8 ಇದ್ದರೆ 0.13. ಮೊದಲನೆಯದು ಉಬ್ಬುವ ಸ್ಮೆಕ್ಟೈಟ್ ಗುಂಪಿನದು, ಎರಡನೆಯದು ನೆನೆದರೂ ಹೆಚ್ಚು ಮಿಸುಕದ ಕಾವೊಲಿನೈಟ್ ಎಂದು ಊಹಿಸಬಹುದು. ಖಚಿತಪಡಿಸಿಕೊಳ್ಳಲು ಖನಿಜದ ಪದರಗಳ ಅಂತರ ಅಳೆಯುವ ಎಕ್ಸ್-ರೇ ವಿವರ್ತನೆ ಬೇಕು. ಮೆಗ್ನೀಷಿಯಂ ತುಂಬಿಸಿ ಗಾಳಿಗೆ ಒಣಗಿಸಿದಾಗ ಸುಮಾರು 14–15 ಆಂಗ್‌ಸ್ಟ್ರಾಮ್ ಅಂತರ ತೋರಿಸುವ ಪದರಗಳು ಎಥಿಲೀನ್ ಗ್ಲೈಕಾಲ್ ಆವಿ ತಾಗಿದ ಮೇಲೆ 17ಕ್ಕೆ ಅಗಲಿದರೆ ಅದು ಸ್ಮೆಕ್ಟೈಟ್.

ನನಗೆ ಎಲ್ಲಕ್ಕಿಂತ ಇಷ್ಟವಾದ ಪರೀಕ್ಷೆ ಹೆಂಟೆಯದು, ಏಕೆಂದರೆ ಅದು ಮಣ್ಣನ್ನು ಪುಡಿ ಮಾಡದೆ, ಹೊಲದಲ್ಲಿದ್ದ ರೂಪದಲ್ಲೇ ಅಳೆಯುತ್ತದೆ. ಮುಷ್ಟಿಗಾತ್ರದ ಹೆಂಟೆಗೆ ದಾರ ಕಟ್ಟಿ ಸರಾನ್ ಎಂಬ ರಾಳದ ದ್ರಾವಣದಲ್ಲಿ ಅದ್ದುತ್ತಾರೆ. ಒಣಗಿದ ಮೇಲೆ ತೆಳುವಾದ ಪೊರೆಯೊಂದು ಹೆಂಟೆಯ ಜೊತೆಗೇ ಹಿಗ್ಗುತ್ತದೆ, ಕುಗ್ಗುತ್ತದೆ. 33 ಕಿಲೋಪಾಸ್ಕಲ್ ಒತ್ತಡದಲ್ಲಿ ತೇವವನ್ನು ಸಮಸ್ಥಿತಿಗೆ ತಂದು ಗಾಳಿಯಲ್ಲಿ ಒಮ್ಮೆ, ನೀರಿನಲ್ಲಿ ಒಮ್ಮೆ ತೂಗಿ ಗಾತ್ರ ಕಂಡುಕೊಂಡು, ಆಮೇಲೆ ಒಲೆಯಲ್ಲಿ ಪೂರ್ತಿ ಒಣಗಿಸಿ ಮತ್ತೆ ತೂಗುತ್ತಾರೆ. ತೇವವಿದ್ದಾಗ ಘನ ಸೆಂಟಿಮೀಟರಿಗೆ 1.30 ಗ್ರಾಂ ಇದ್ದ ಸಾಂದ್ರತೆ ಒಣಗಿದಾಗ 1.75ಕ್ಕೆ ಏರಿತು ಎಂದಿಟ್ಟುಕೊಳ್ಳಿ. ಈ ಎರಡರ ಅನುಪಾತದ ಘನಮೂಲದಿಂದ ಒಂದನ್ನು ಕಳೆದರೆ 0.10 ಉಳಿಯುತ್ತದೆ, ಅಂದರೆ ಒಂದು ಮೀಟರ್ ಮಣ್ಣು ಉದ್ದಳತೆಯಲ್ಲಿ ಸುಮಾರು 10 ಸೆಂ.ಮೀ. ಕುಗ್ಗಬಲ್ಲದು. ಈ ಅಂಕಿ 0.06 ದಾಟಿದರೇ ಹೆಚ್ಚು ಎನ್ನುತ್ತಾರೆ. ಇದರಿಂದ ಇನ್ನೊಂದು ಎಚ್ಚರವೂ ಹುಟ್ಟುತ್ತದೆ: ಎರೆಮಣ್ಣಿನ ಸಾಂದ್ರತೆಯನ್ನು ಯಾವ ತೇವದಲ್ಲಿ ಅಳೆದದ್ದೆಂದು ಬರೆಯದ ಕೋಷ್ಟಕ ಬಹುತೇಕ ನಿರುಪಯೋಗಿ.

ಇನ್ನು ಹವಾಮಾನ. ಉಷ್ಣತೆಯ ವಿಚಾರ ಬೇಗ ಮುಗಿಯುತ್ತದೆ: 50 ಸೆಂ.ಮೀ. ಆಳದಲ್ಲಿ ಮಣ್ಣಿನ ವಾರ್ಷಿಕ ಸರಾಸರಿ ಎಷ್ಟು, ಬೇಸಿಗೆಗೂ ಚಳಿಗಾಲಕ್ಕೂ ಅಂತರ ಎಷ್ಟು ಎಂಬುದಷ್ಟೇ ಬೇಕು. ಸರಾಸರಿ 22 ಡಿಗ್ರಿ ಅಥವಾ ಹೆಚ್ಚಿದ್ದು, ಅಂತರ 6 ಡಿಗ್ರಿಗಿಂತ ಕಡಿಮೆಯಿದ್ದರೆ ಆ ಮಣ್ಣಿನ ಉಷ್ಣತೆಯ ವರ್ಗ ಐಸೋಹೈಪರ್‌ಥರ್ಮಿಕ್. ತೊಡಕಿರುವುದು ತೇವದಲ್ಲಿ. ಸಾಮಾನ್ಯ ಮಣ್ಣುಗಳಿಗೆ ತೇವ ನಿಯಂತ್ರಣ ವಲಯವೆಂಬ ಒಂದು ಪಟ್ಟಿಯನ್ನು ಗುರುತಿಸುತ್ತಾರೆ. ಪೂರ್ತಿ ಒಣಗಿದ ಮಣ್ಣಿಗೆ 2.5 ಸೆಂ.ಮೀ. ನೀರು ಕೊಟ್ಟರೆ 24 ಗಂಟೆಗಳಲ್ಲಿ ಎಷ್ಟು ಆಳಕ್ಕೆ ಇಳಿಯುತ್ತದೋ ಅದು ಈ ಪಟ್ಟಿಯ ಮೇಲಂಚು, 7.5 ಸೆಂ.ಮೀ. ಕೊಟ್ಟರೆ 48 ಗಂಟೆಗಳಲ್ಲಿ ಮುಟ್ಟುವ ಆಳ ಕೆಳಂಚು. ಆ ಪಟ್ಟಿ ವರ್ಷದಲ್ಲಿ ಎಷ್ಟು ದಿನ ಒಣಗಿರುತ್ತದೆ ಎಂಬುದನ್ನು ತಿಂಗಳ ಮಳೆ ಮತ್ತು ಉಷ್ಣತೆಯ ಅಂಕಿಗಳಿಂದ ಲೆಕ್ಕ ಹಾಕುತ್ತಾರೆ. ಥಾರ್ನ್‌ತ್ವೇಟ್ 1948ರಲ್ಲಿ ಕೊಟ್ಟ ಬಾಷ್ಪವಿಸರ್ಜನೆಯ (ನೆಲ ಮತ್ತು ಗಿಡಗಳಿಂದ ನೀರು ಆವಿಯಾಗುವುದರ) ಸೂತ್ರ, ಅದನ್ನು ಆಧರಿಸಿದ ನ್ಯೂಹಾಲ್ ಮಾದರಿ ಈ ಕೆಲಸಕ್ಕೆ ಬಳಕೆಯಲ್ಲಿವೆ.

ಈ ಲೆಕ್ಕವೆಲ್ಲ ನೀರು ಮೇಲಿನಿಂದ ಕೆಳಕ್ಕೆ ಪದರ ಪದರವಾಗಿ ನೆನೆಸುತ್ತಾ ಇಳಿಯುತ್ತದೆ ಎಂಬ ಎಣಿಕೆಯ ಮೇಲೆ ನಿಂತಿದೆ. ಎರೆಮಣ್ಣು ಹಾಗೆ ನೆನೆಯುವುದಿಲ್ಲ. ಮೊದಲ ಜೋರು ಮಳೆಯ ನೀರು ಬಿರುಕುಗಳೊಳಗೆ ಸುರಿದು ತಳದಲ್ಲಿ ನಿಂತು ಅಲ್ಲಿಂದ ಮೇಲಕ್ಕೂ ಪಕ್ಕಕ್ಕೂ ನೆನೆಸುತ್ತದೆ; ಮೇಲೆ ಅಂಗೈಯಗಲ ಹಸಿ, ನಡುವೆ ಒಣ, ಕೆಳಗೆ ಮತ್ತೆ ಹಸಿ. ಬಿರುಕು ಮುಚ್ಚಿದ ಮೇಲೆ ಅದೇ ನೆಲ ನೀರನ್ನು ಒಳಗೆ ಬಿಡುವ ವೇಗ ಬಹಳ ತಗ್ಗಿ, ಅದೇ ಪ್ರಮಾಣದ ಮಳೆಯ ಬಹುಪಾಲು ಹರಿದುಹೋಗುತ್ತದೆ. ವರ್ಗೀಕರಣ ಮಾಡಿದವರು ಇದನ್ನು ಅರಿತು, ಬಿರಿಯುವ ಜೇಡಿಮಣ್ಣುಗಳಿಗೆ ನಿಯಂತ್ರಣ ವಲಯದ ಪರಿಕಲ್ಪನೆ ಸರಿಹೊಂದದೆಂದು ಒಪ್ಪಿ, ಬಿರುಕನ್ನೇ ಅಳತೆಗೋಲಾಗಿ ಆರಿಸಿಕೊಂಡರು. ನೀರಾವರಿ ಇಲ್ಲದ ಸಾಮಾನ್ಯ ವರ್ಷದಲ್ಲಿ 5 ಮಿ.ಮೀ. ಅಥವಾ ಹೆಚ್ಚು ಅಗಲದ ಬಿರುಕುಗಳು ಒಟ್ಟು 90 ದಿನಕ್ಕೆ ಕಡಿಮೆಯಿಲ್ಲದಂತೆ ತೆರೆದಿದ್ದರೆ ಅದು ವರ್ಟಿಸಾಲ್ ಗುಂಪಿನೊಳಗೆ ಉಸ್ಟರ್ಟ್ ಎಂಬ ಉಪವರ್ಗ. ವರ್ಷದ ಬಹುಭಾಗ ತೆರೆದೇ ಇದ್ದು 60 ದಿನ ಸತತವಾಗಿ ಮುಚ್ಚಿರದಿದ್ದರೆ ಟಾರರ್ಟ್ ಎಂಬ ಉಪವರ್ಗ. ಇಷ್ಟು ಸರಳವೂ ನೇರವೂ ಆದ ಹವಾಮಾನದ ದಾಖಲೆ ಬೇರೆ ಯಾವ ಮಣ್ಣಿನಲ್ಲೂ ಇಲ್ಲ. ಆದರೂ ಬಿರುಕು ತೆರೆದ ಮತ್ತು ಮುಚ್ಚಿದ ತಾರೀಖುಗಳನ್ನು ಗುರುತಿಟ್ಟುಕೊಂಡ ದಾಖಲೆಗಳು ಮಳೆಮಾಪಕದ ದಾಖಲೆಗಳ ಮುಂದೆ ತೀರ ವಿರಳ. ಒಂದು ಕೋಲು ಮತ್ತು ಒಂದು ನೋಟುಪುಸ್ತಕ ಸಾಕಾಗುವ ಕೆಲಸವಾದ್ದರಿಂದಲೇ ಅದಕ್ಕೆ ಬೆಲೆಯಿಲ್ಲವೇನೋ.

ನೆಲದ ರೂಪದ ಮಾತಿಗೆ ಬಂದರೆ, ಇಳಿಜಾರಿನುದ್ದಕ್ಕೂ ಮಣ್ಣುಗಳು ಒಂದಕ್ಕೊಂದು ಕೊಂಡಿಯಾಗಿರುತ್ತವೆ ಎಂಬುದನ್ನು ಮಣ್ಣು ವಿಜ್ಞಾನಿ ಮಿಲ್ನೆ 1935ರಲ್ಲಿ ಪೂರ್ವ ಆಫ್ರಿಕಾದ ಅನುಭವದಿಂದ ಹೇಳಿದರು. ದಿಬ್ಬದ ಮೇಲೆ ನೀರು ಬಸಿದುಹೋಗಿ ಸಿಲಿಕಾ ಮತ್ತು ಕ್ಯಾಲ್ಸಿಯಂನಂಥ ಪ್ರತ್ಯಾಮ್ಲಗಳು ತೊಳೆದುಹೋದಲ್ಲಿ ಕೆಂಪು ಮಣ್ಣು. ಅವೇ ಬಂದು ನಿಲ್ಲುವ ತಗ್ಗಿನಲ್ಲಿ ಸ್ಮೆಕ್ಟೈಟ್ ಮತ್ತು ಸುಣ್ಣದ ಗಂಟುಗಳಿರುವ ಎರೆಮಣ್ಣು. ಒಂದೇ ಮಳೆಯಡಿ, ಕೂಗಳತೆಯ ದೂರದಲ್ಲಿ ಎರಡೂ ಸಿಗುವುದರಿಂದ, ಮಳೆಯ ನಕ್ಷೆಯೊಂದನ್ನೇ ಹಿಡಿದು ಮಣ್ಣಿನ ನಕ್ಷೆ ಬರೆಯಹೊರಟವರು ಇಲ್ಲಿ ಎಡವುತ್ತಾರೆ. ಸಮತಟ್ಟಾಗಿ ತೋರುವ ಎರೆಹೊಲದಲ್ಲೂ ಕೆಲವೇ ಮೀಟರುಗಳ ಅಂತರದಲ್ಲಿ ಸಣ್ಣ ಉಬ್ಬು ತಗ್ಗುಗಳು ಸರದಿಯಂತೆ ಬರುವುದುಂಟು. ಇವಕ್ಕೆ ಗಿಲ್ಗಾಯ್ ಎಂದು ಹೆಸರು, ಉಳುಮೆಯಿಂದ ಅಳಿಸಿಹೋದಲ್ಲೂ ಕೆಳಗಿನ ಪದರಗಳಲ್ಲಿ ಅಲೆಯಾಗಿ ಉಳಿದಿರುತ್ತವೆ. ಉಬ್ಬಿನಲ್ಲಿ ಸುಣ್ಣ ಮೇಲಕ್ಕೇ ಸಿಗುತ್ತದೆ. ತಗ್ಗಿನಲ್ಲಿ ಆಳಕ್ಕಿಳಿದಿರುತ್ತದೆ, ಕಪ್ಪು ಪದರವೂ ದಪ್ಪಗಿರುತ್ತದೆ. ಉಬ್ಬಿನಲ್ಲೊಬ್ಬರು, ತಗ್ಗಿನಲ್ಲೊಬ್ಬರು ಗುಂಡಿ ತೋಡಿದರೆ ಒಂದೇ ಹೊಲಕ್ಕೆ ಎರಡು ಮಣ್ಣಿನ ಹೆಸರು ಬರುತ್ತದೆ. ಆದ್ದರಿಂದ ಎರಡನ್ನೂ ಅಡ್ಡಲಾಗಿ ಸೀಳುವ ಉದ್ದನೆಯ ಕಾಲುವೆಯಂಥ ಗುಂಡಿಯೇ ಬೇಕು. ಖರ್ಚಿನ ನೆಪದಲ್ಲಿ ಇದನ್ನು ಬಿಡುವುದು ಸರಿಯಲ್ಲ.

ಮಾಹಿತಿಗಳು ಹೊಂದದ ಪ್ರಸಂಗಗಳಿಗೆ ದಖ್ಖನ್ನಿನಲ್ಲೇ ಎರಡು ನಿದರ್ಶನಗಳಿವೆ. ಮಧ್ಯ ಭಾರತದ ಅರೆಶುಷ್ಕ ಬಯಲುಗಳ ಎರೆಮಣ್ಣಿನಲ್ಲಿ ಸ್ಮೆಕ್ಟೈಟ್ ಹೇರಳವಾಗಿದೆ, ಆದರೆ ಈಗ ಬೀಳುವ ಮಳೆಗೆ ಬಸಾಲ್ಟ್ ಎಂಬ ಲಾವಾ ಶಿಲೆಯನ್ನು ಅಷ್ಟೊಂದು ಶಿಥಿಲಗೊಳಿಸುವ ಶಕ್ತಿ ಇಲ್ಲ. ಹಿಂದೆ ಹೆಚ್ಚು ತೇವವಿದ್ದ ಕಾಲದಲ್ಲಿ ರೂಪುಗೊಂಡ ಜೇಡಿ ಮೆಕ್ಕಲಾಗಿ ಹರಿದು ಬಂದು ಬಯಲಲ್ಲಿ ನೆಲೆಸಿತು ಎಂದು ಅಭ್ಯಾಸ ಮಾಡಿದವರು ತೀರ್ಮಾನಿಸಿದ್ದಾರೆ. ಅಂದರೆ ನಮ್ಮ ಹವಾಮಾನ ಕೋಷ್ಟಕ ಆ ಮಣ್ಣಿನ ಇಂದಿನ ನಡವಳಿಕೆಯನ್ನು ವಿವರಿಸುತ್ತದೆ, ಹುಟ್ಟನ್ನಲ್ಲ. ಎರಡನೆಯದು ಇದಕ್ಕೆ ತಿರುಗುಮುರುಗು: ಪಶ್ಚಿಮ ಘಟ್ಟದ ಕೆಲವು ಬಸಾಲ್ಟ್ ನೆಲೆಗಳಲ್ಲಿ, ಪ್ರತ್ಯಾಮ್ಲಗಳನ್ನೆಲ್ಲ ತೊಳೆದೊಯ್ಯುವಷ್ಟು ಮಳೆ ಸುರಿದರೂ, ಉಬ್ಬುವ ಕಪ್ಪು ಮಣ್ಣು ಉಳಿದುಕೊಂಡಿದೆ. ಕಾರಣ ಬಸಾಲ್ಟಿನ ಗುಳ್ಳೆಗಳಲ್ಲಿ ತುಂಬಿರುವ ಜಿಯೋಲೈಟ್ ಎಂಬ ಖನಿಜ. ಅದು ನಿಧಾನವಾಗಿ ಕರಗುತ್ತಾ ಕ್ಯಾಲ್ಸಿಯಂ ಒದಗಿಸುತ್ತಲೇ ಇರುವುದರಿಂದ ಸ್ಮೆಕ್ಟೈಟ್ ಪೂರ್ತಿ ಕಾವೊಲಿನೈಟಾಗಿ ಮಾರ್ಪಡುವುದಿಲ್ಲ. ಪ್ರತ್ಯಾಮ್ಲ ಸಂತೃಪ್ತಿ, ಅಂದರೆ ವಿನಿಮಯ ಸಾಮರ್ಥ್ಯದಲ್ಲಿ ಪ್ರತ್ಯಾಮ್ಲಗಳ ಪಾಲು, ಶೇ. 100ನ್ನು ದಾಟಿದ ವರದಿಗಳನ್ನು ಪ್ರಯೋಗಾಲಯದ ದೋಷವೆಂದು ತಳ್ಳಿಹಾಕದೆ, ಜಿಯೋಲೈಟಿನ ಸುಳಿವಿರಬಹುದೆಂದು ನೋಡಬೇಕಾದದ್ದು ಇದಕ್ಕಾಗಿಯೇ.

ಅಂಕಿಯ ಮಿತಿಗಳನ್ನು ಕುರುಡಾಗಿ ಅನ್ವಯಿಸಬಾರದೆಂಬುದಕ್ಕೆ ಮಹಾರಾಷ್ಟ್ರದ ಪೂರ್ಣಾ ಕಣಿವೆಯನ್ನು ನೋಡಬಹುದು. ವಿನಿಮಯ ಸಾಮರ್ಥ್ಯದಲ್ಲಿ ಸೋಡಿಯಂ ಪಾಲು ಶೇ. 15 ದಾಟಿದರೆ ಮಾತ್ರ ಮಣ್ಣು ಕ್ಷಾರವೆಂದು ಪುಸ್ತಕ ಹೇಳುತ್ತದೆ. ಆ ಕಣಿವೆಯ ಎರೆಮಣ್ಣಿನಲ್ಲಿ ಶೇ. 5ರ ಸುಮಾರಿಗೇ ಜೇಡಿ ಚದುರಿ, ನೀರು ಬಸಿಯುವುದು ಬಹುತೇಕ ನಿಲ್ಲುತ್ತದೆ. ಹಾಗಾಗಿ ಇಂಥ ಕಡೆ ಸೋಡಿಯಂ ಶೇಕಡಾವಾರಿಗಿಂತ ಮೊದಲು, ನೀರು ತುಂಬಿದ ಸ್ಥಿತಿಯಲ್ಲಿ ಗಂಟೆಗೆ ಎಷ್ಟು ಮಿಲಿಮೀಟರ್ ಬಸಿಯುತ್ತದೆ ಎಂಬ ಅಳತೆಯನ್ನು ನಾನು ಕೇಳುತ್ತೇನೆ, ಮತ್ತು ಅದನ್ನು ಪ್ರತಿ ಪದರಕ್ಕೂ ಬೇರೆ ಬೇರೆಯಾಗಿ ಕೇಳುತ್ತೇನೆ. ಮೇಲಿನ ಪದರ ಚೆನ್ನಾಗಿ ಬಸಿಯುತ್ತಿದ್ದು, ಸ್ಲಿಕನ್‌ಸೈಡ್ ಇರುವ ಪದರದಲ್ಲಿ ಅಂಕಿ ಒಮ್ಮೆಗೇ ಕುಸಿದಿದ್ದರೆ ಬೇರು ಎಲ್ಲಿಯವರೆಗೆ ಇಳಿಯಬಹುದು, ನೀರಾವರಿ ಬಂದರೆ ಲವಣ ಎಲ್ಲಿ ಶೇಖರವಾಗಬಹುದು ಎಂಬುದನ್ನು ಅಲ್ಲಿಂದಲೇ ಅಂದಾಜು ಮಾಡಲು ಬರುತ್ತದೆ.