ಅಕ್ಕ ಕೇಳಿದ ರಕ್ತ ಸೋಸುವ ಚಿಕಿತ್ಸೆ

2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೋವಿಡ್ ಸಾವು ಆದದ್ದು ನಮ್ಮ ಕಲಬುರಗಿಯವರದ್ದು. ಅಕ್ಕನಿಗೆ ಬಂದದ್ದು ಮರುವರ್ಷ. ಜ್ವರ ಹೋಯಿತು, ಸುಸ್ತು ಹೋಗಲಿಲ್ಲ. ಊರಿನ ‘ಅಪ್ಪನ ಕೆರೆ’ಯನ್ನು ಸುತ್ತುತ್ತಿದ್ದವಳು ಈಗ ನಾಲ್ಕು ರೊಟ್ಟಿ ಬಡಿದರೆ ಗೋಡೆಗೆ ಒರಗುತ್ತಾಳೆ.

ಮೊನ್ನೆ ಕೇಳಿದಳು: “ತಮ್ಮಾ, ಜರ್ಮನ್ಯಾಗ ರಕ್ತ ಸೋಸ್ತಾರಂತಲ್ಲ, ತೊಗರಿ ಹೊಲ ಮಾರಿದ್ರ ಆಗ್ತದೇನು?”

ರಾತ್ರಿಯಿಡೀ ಓದಿದೆ. ಅದರ ಹೆಸರು ಅಫೆರೆಸಿಸ್. ಒಂದು ತೋಳಿನಿಂದ ರಕ್ತ ತೆಗೆದು, ಅದರ ದ್ರವ ಭಾಗವಾದ ಪ್ಲಾಸ್ಮಾ ಬೇರ್ಪಡಿಸಿ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಬೆರೆಸಿ ಸೋಸಿ, ಇನ್ನೊಂದು ತೋಳಿಗೆ ಮರಳಿಸುತ್ತಾರೆ. ಮೂಲತಃ ವಿಪರೀತ ಕೊಲೆಸ್ಟ್ರಾಲ್ ಇದ್ದವರಿಗೆಂದು ಬಂದದ್ದು. ಕೋವಿಡ್ ನಂತರ ರಕ್ತದ ಸೂಕ್ಷ್ಮ ಹೆಪ್ಪುಗಳು ಕಿರು ರಕ್ತನಾಳಗಳನ್ನು ಕಟ್ಟುತ್ತವೆ, ಸೋಸಿದರೆ ಬಿಡುತ್ತವೆ ಎಂಬುದು ಊಹೆ. ಊಹೆಗೇ ಜನ ಉಳಿತಾಯವನ್ನೆಲ್ಲ ಸುರಿದಿದ್ದಾರೆ. ಓದುತ್ತ ಹೊಟ್ಟೆ ಉರಿಯಿತು.

ಸ್ಪೇನಿನಲ್ಲಿ ಇದಕ್ಕೆ ಹತ್ತಿರದ ವಿಧಾನ, ಪ್ಲಾಸ್ಮಾ ತೆಗೆದು ಬದಲಿ ದ್ರವ ತುಂಬುವ ಪ್ಲಾಸ್ಮಾ ಬದಲಾವಣೆಯನ್ನು, ಕೋವಿಡ್ ನಂತರ ಚೇತರಿಸಿಕೊಳ್ಳದ 50 ರೋಗಿಗಳ ಮೇಲೆ ಪರೀಕ್ಷಿಸಿದರು. ಕೆಲವರಿಗೆ ನಿಜ, ಉಳಿದವರಿಗೆ ತೋರಿಕೆಯದ್ದು. 2025ರಲ್ಲಿ ಫಲಿತಾಂಶ ಬಂತು: ಎರಡೂ ಗುಂಪುಗಳ ನಡುವೆ ವ್ಯತ್ಯಾಸವಿಲ್ಲ.

ಬೆಳಿಗ್ಗೆ ಅಕ್ಕನ ಪಕ್ಕ ಕೂತು ಎಲ್ಲ ಹೇಳಿದೆ. ಬಹಳ ಹೊತ್ತು ಮಾತಾಡಲಿಲ್ಲ. “ಹೊಲ ಇರಲಿ” ಅಂದಳು. ರೊಟ್ಟಿ ಹಿಟ್ಟು ನಾನೇ ನಾದಿದೆ.