ಗೀಸರ್ ಕೆಟ್ಟಿದೆಯೆನ್ನುವ ಮುನ್ನ ನೋಡಬೇಕಾದವು

ನಂದಿಬೆಟ್ಟದ ತಪ್ಪಲಿನ ಚಳಿಗೆ ಮನೆಯನ್ನೇ ಕಾಯಿಸಬೇಕಾದ ಅಗತ್ಯ ಬೀಳುವುದಿಲ್ಲ, ಸ್ನಾನದ ನೀರು ಕಾದರೆ ಸಾಕು. ಆದರೆ ಆ ನೀರು ಕಾಯುವುದು ನಿಂತರೆ ಧನುರ್ಮಾಸದ ಬೆಳಗಿನಲ್ಲಿ ಮಕ್ಕಳಿಗೂ ವಯಸ್ಸಾದವರಿಗೂ ಬಹಳ ಕಷ್ಟವಾಗುತ್ತದೆ. ಚಿಕ್ಕಬಳ್ಳಾಪುರದಲ್ಲಿ ಚಳಿ ಹಿಡಿಯುತ್ತಿದ್ದಂತೆ ಎಲೆಕ್ಟ್ರಿಷಿಯನ್‌ಗಳಿಗೆ ಬಿಡುವಿರುವುದಿಲ್ಲ, ಮತ್ತು ಬಹುಪಾಲು ಮನೆಗಳಲ್ಲಿ ಕೇಳಿಬರುವ ದೂರು ಗೀಸರಿನ ಕಂಪನಿಯ ಮೇಲೆಯೇ ಇರುತ್ತದೆ. ನಾನು ನೋಡಿರುವ ಮಟ್ಟಿಗೆ ದೋಷ ಗೀಸರಿನ ಒಳಗೆ ಹುಟ್ಟುವುದು ಕಡಿಮೆ. ಅದಕ್ಕೆ ನಾವು ಕೊಡುವ ನೀರು, ಕೊಡುವ ಕರೆಂಟು, ಗ್ಯಾಸ್ ಗೀಸರಾದರೆ ಕೊಡುವ ಗಾಳಿ, ಇವುಗಳಲ್ಲಿಯೇ ತೊಂದರೆಯ ಬೇರು ಇರುತ್ತದೆ. ರಿಪೇರಿಗೆ ಹಣ ಸುರಿಯುವ ಮುನ್ನ ಮನೆಯವರೇ ಗಮನಿಸಬಹುದಾದ ಸಂಗತಿಗಳು ಹಲವಿವೆ.

ಎಲ್ಲಕ್ಕಿಂತ ಸಾಮಾನ್ಯವಾದ ದೂರು ನೀರು ಕಾಯಲು ಬಹಳ ಹೊತ್ತು ಹಿಡಿಯುತ್ತದೆ ಎಂಬುದು. ಇದನ್ನು ಊಹೆಯಿಂದ ತೀರ್ಮಾನಿಸದೆ ಗಡಿಯಾರ ಹಿಡಿದು ನೋಡಬೇಕು. 2000 ವ್ಯಾಟ್‌ನ ಕಾಯಿಲ್ ಇರುವ 25 ಲೀಟರ್ ಗೀಸರಿಗೆ 20 ಡಿಗ್ರಿಯ ನೀರನ್ನು 60 ಡಿಗ್ರಿಗೆ ಏರಿಸಲು ಲೆಕ್ಕದ ಪ್ರಕಾರ 35 ನಿಮಿಷ ಸಾಕು. ಸೋರಿಹೋಗುವ ಶಾಖವನ್ನು ಸೇರಿಸಿದರೂ 40 ನಿಮಿಷದೊಳಗೆ ಕೆಂಪು ದೀಪ ಆರಬೇಕು. ಈ ಲೆಕ್ಕ 230 ವೋಲ್ಟ್ ಇದ್ದಾಗ ಮಾತ್ರ ನಿಲ್ಲುತ್ತದೆ. ಕಾಯಿಲ್ ಉತ್ಪಾದಿಸುವ ಶಾಖವು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಇಳಿಯುವುದರಿಂದ, ಮನೆಗೆ 180 ವೋಲ್ಟ್ ಮಾತ್ರ ಬರುತ್ತಿದ್ದರೆ 2000 ವ್ಯಾಟ್‌ನ ಕಾಯಿಲ್ ಸುಮಾರು 1225 ವ್ಯಾಟ್‌ನಷ್ಟೇ ಕೆಲಸ ಮಾಡುತ್ತದೆ, ಅದೇ ನೀರು ಕಾಯಲು ಹತ್ತಿರ ಹತ್ತಿರ ಒಂದು ಗಂಟೆ ಬೇಕಾಗುತ್ತದೆ. ಬೆಳಿಗ್ಗೆ ಇಡೀ ಬೀದಿಯ ಗೀಸರುಗಳು ಒಟ್ಟಿಗೆ ಉರಿಯುವ ಹೊತ್ತಿನಲ್ಲಿ, ಅದರಲ್ಲೂ ಟ್ರಾನ್ಸ್‌ಫಾರ್ಮರಿನಿಂದ ದೂರದಲ್ಲಿರುವ ಕೊನೆಯ ಮನೆಗಳಲ್ಲಿ, ವೋಲ್ಟೇಜ್ ಕುಸಿಯುವುದು ಸಹಜ. ಅದೇ ಗೀಸರು ಮಧ್ಯಾಹ್ನ ಬೇಗ ಕಾಯಿಸಿ ಬೆಳಿಗ್ಗೆ ತಡಮಾಡಿದರೆ ಅದನ್ನು ಬಿಚ್ಚುವ ಅಗತ್ಯವೇ ಇಲ್ಲ. ಬೆಳಗಿನ ಜಾವ ನಾಲ್ಕೂವರೆಗೆ ಹಾಕಿಟ್ಟರೆ ಸಮಸ್ಯೆ ಮುಗಿಯುತ್ತದೆ.

ನಿಧಾನವಾಗಿ ಕಾಯುವುದಕ್ಕೆ ಸುಣ್ಣ ಕಟ್ಟಿರುವುದೇ ಕಾರಣವೆಂದು ಹೇಳಿ ಕಾಯಿಲ್ ಬದಲಿಸುವವರಿದ್ದಾರೆ. ಈ ಮಾತನ್ನು ಪೂರ್ತಿ ಒಪ್ಪುವಂತಿಲ್ಲ. ಕಾಯಿಲ್ ನೀರಿನೊಳಗೇ ಮುಳುಗಿರುವುದರಿಂದ ಅದರ ಶಾಖ ಸುಣ್ಣದ ಪದರವನ್ನು ದಾಟಿಯಾದರೂ ನೀರಿಗೇ ಹೋಗಬೇಕು, ಬೇರೆ ದಾರಿಯಿಲ್ಲ. ಸುಣ್ಣ ಮಾಡುವ ಹಾನಿ ಬೇರೆ ಬಗೆಯದು. ಪದರ ದಪ್ಪವಾದಂತೆ ಶಾಖ ಹೊರಬರಲು ತಿಣುಕುತ್ತದೆ, ಕಾಯಿಲ್ ತನ್ನ ಮಿತಿಯನ್ನು ಮೀರಿ ಕಾದು ಒಂದು ದಿನ ಸುಟ್ಟುಹೋಗುತ್ತದೆ. ಕಾಯಿಲ್ ಮತ್ತು ನೀರು ಸಾಕಷ್ಟು ಕಾದಾಗ ಕರೆಂಟ್ ನಿಲ್ಲಿಸುವ ಥರ್ಮೋಸ್ಟಾಟ್ ಅಕ್ಕಪಕ್ಕದಲ್ಲಿರುವ ಗೀಸರುಗಳಲ್ಲಿ ಎರಡರ ನಡುವೆ ಸುಣ್ಣ ಬೆಳೆದು ಸೇತುವೆ ಕಟ್ಟಿದರೆ, ನೀರು ಇನ್ನೂ ಉಗುರುಬೆಚ್ಚಗಿರುವಾಗಲೇ ಥರ್ಮೋಸ್ಟಾಟ್ ಕರೆಂಟನ್ನು ನಿಲ್ಲಿಸಿಬಿಡುತ್ತದೆ. ದೀಪ ಬೇಗ ಆರುತ್ತದೆ, ಆದರೆ ನೀರು ಬಿಸಿಯಿಲ್ಲ ಎನ್ನುವ ಮನೆಗಳಲ್ಲಿ ನಾನು ಮೊದಲು ಅನುಮಾನಿಸುವುದು ಇದನ್ನೇ. ಉದುರಿದ ಸುಣ್ಣವೆಲ್ಲ ಟ್ಯಾಂಕಿನ ತಳದಲ್ಲಿ ಕೂತು ಜಾಗ ತಿನ್ನುವುದರಿಂದ ಒಂದು ಬಕೆಟ್ ಬಿಸಿನೀರು ಬರುತ್ತಿದ್ದ ಗೀಸರು ಮುಕ್ಕಾಲು ಬಕೆಟ್‌ಗೆ ತಣ್ಣಗಾಗುವುದೂ ಉಂಟು.

ನಮ್ಮ ಜಿಲ್ಲೆಯಲ್ಲಿ ಈ ಸುಣ್ಣದ ಕಾಟ ಏಕಿಷ್ಟು ಹೆಚ್ಚೆಂದರೆ, ನಾವು ಬಳಸುವ ನೀರು ಬಹುಮಟ್ಟಿಗೆ ಸಾವಿರ ಅಡಿಗೂ ಆಳದ ಬೋರ್‌ವೆಲ್‌ಗಳದ್ದು. ಬಂಡೆಯ ಸಂದುಗಳಲ್ಲಿ ಬಹುಕಾಲ ನಿಂತ ಆ ನೀರಿನಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂ ಲವಣಗಳು ಹೇರಳವಾಗಿ ಕರಗಿರುತ್ತವೆ. ಕುಡಿಯುವ ನೀರಿನ ಭಾರತೀಯ ಮಾನಕವಾದ ಐಎಸ್ 10500ರ ಪ್ರಕಾರ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದಾಗ 600ರವರೆಗೆ ಒಪ್ಪಬಹುದು. ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕಾದಾಗ ಒಡೆದು ಕರಗದ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಕಾಯಿಲ್‌ಗೆ ಅಂಟಿಕೊಳ್ಳುತ್ತದೆ, ಮತ್ತು ನೀರಿನ ಬಿಸಿ 60 ಡಿಗ್ರಿ ದಾಟಿದಂತೆ ಈ ಕ್ರಿಯೆ ಚುರುಕಾಗುತ್ತದೆ. ಆದ್ದರಿಂದ ಥರ್ಮೋಸ್ಟಾಟನ್ನು 75ಕ್ಕೆ ತಿರುಗಿಸಿ ಆಮೇಲೆ ತಣ್ಣೀರು ಬೆರೆಸಿಕೊಳ್ಳುವ ನಮ್ಮ ಅಭ್ಯಾಸ ಗೀಸರಿನ ಆಯುಸ್ಸನ್ನು ಕಡಿಮೆ ಮಾಡುತ್ತದೆ. 55 ಡಿಗ್ರಿಯ ಆಸುಪಾಸಿನಲ್ಲಿ ಇಟ್ಟರೆ ಸ್ನಾನಕ್ಕೆ ಕೊರತೆಯಾಗುವುದಿಲ್ಲ. ಗೀಸರಿನ ಒಳಗಿಂದ ಚಟಪಟ ಸದ್ದು, ಗುಳುಗುಳು ಸದ್ದು ಕೇಳಿಸಿದರೆ ಸುಣ್ಣದ ಪದರದಡಿ ಸಿಕ್ಕಿಬಿದ್ದ ನೀರು ಆವಿಯಾಗಿ ಸಿಡಿಯುತ್ತಿದೆ ಎಂದೇ ಅರ್ಥ, ಶುಚಿಮಾಡುವ ಕಾಲ ಬಂದಿದೆ.

ಶುಚಿಮಾಡುವ ಕೆಲಸವನ್ನು ತಿಳಿದವರಿಂದಲೇ ಮಾಡಿಸುವುದು ಒಳ್ಳೆಯದು, ಆದರೆ ಕ್ರಮ ಮನೆಯವರಿಗೂ ಗೊತ್ತಿರಬೇಕು. ಸ್ವಿಚ್ ಆರಿಸಿದರೆ ಸಾಲದು, ಆ ಲೈನಿನ ಕರೆಂಟನ್ನೇ ಕಡಿಯುವ ಎಂಸಿಬಿ ಸ್ವಿಚ್ಚನ್ನು ಇಳಿಸಿ ಪ್ಲಗ್ ಕಿತ್ತು, ನೀರು ತಣಿದ ಮೇಲೆ ಒಳಹರಿವಿನ ವಾಲ್ವ್ ಮುಚ್ಚಿ ಟ್ಯಾಂಕನ್ನು ಖಾಲಿಮಾಡಬೇಕು. ಬಿಚ್ಚಿದ ಕಾಯಿಲ್‌ನ ಸುಣ್ಣ ಕರಗಲು ದಿನಸಿ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪು ಸಾಕು. ಲೀಟರ್ ಬೆಚ್ಚಗಿನ ನೀರಿಗೆ 50 ಗ್ರಾಂನಷ್ಟು ಹಾಕಿ, ವೈರ್ ಕೂರುವ ತುದಿಗಳು ಒದ್ದೆಯಾಗದಂತೆ ಕಾಯಿಲನ್ನು ಅದರಲ್ಲಿ ನಿಲ್ಲಿಸಿದರೆ ನೊರೆ ಎದ್ದು ಪದರ ಸಡಿಲವಾಗುತ್ತದೆ. ಬಚ್ಚಲು ತೊಳೆಯುವ ಆ್ಯಸಿಡ್ ಸುರಿದು ಕೆಲಸವನ್ನು ಬೇಗ ಮುಗಿಸುವವರನ್ನು ತಡೆಯಿರಿ, ಅದು ಸುಣ್ಣದ ಜೊತೆಗೆ ಲೋಹವನ್ನೂ ತಿನ್ನುತ್ತದೆ. ಹಳೆಯ ರಬ್ಬರ್ ಗ್ಯಾಸ್ಕೆಟ್ಟನ್ನೇ ಮತ್ತೆ ಹಾಕಿಸಬೇಡಿ. ಒಳಗಿರುವ ಮೆಗ್ನೀಷಿಯಂ ಸರಳನ್ನೂ ಅದೇ ಹೊತ್ತಿಗೆ ತೋರಿಸಲು ಹೇಳಿ. ಟ್ಯಾಂಕಿನ ಬದಲು ತಾನು ಸವೆದು ತುಕ್ಕನ್ನು ತಡೆಯುವ ಸರಳು ಅದು. ತಂತಿಯಷ್ಟು ತೆಳ್ಳಗಾಗಿದ್ದರೆ ಹೊಸದನ್ನು ಹಾಕಿಸಲೇಬೇಕು, ಏಕೆಂದರೆ ಅದಕ್ಕೆ ಕೆಲವು ನೂರು ರೂಪಾಯಿ ಖರ್ಚಾದರೆ ತೂತು ಬಿದ್ದ ಟ್ಯಾಂಕಿಗೆ ರಿಪೇರಿಯೇ ಇಲ್ಲ. ಜೋಡಿಸಿದ ನಂತರ ಬಿಸಿನೀರಿನ ನಲ್ಲಿಯಲ್ಲಿ ಗಾಳಿ ಬೆರೆಯದ ಧಾರೆ ಬರುವವರೆಗೂ ಕರೆಂಟ್ ಕೊಡಬಾರದು. ನೀರಿಲ್ಲದೆ ಉರಿದ ಕಾಯಿಲ್ ಕೆಲವೇ ನಿಮಿಷಗಳಲ್ಲಿ ಹಾಳಾಗುತ್ತದೆ.

ಸೇಫ್ಟಿ ವಾಲ್ವಿನಿಂದ ಹನಿ ತೊಟ್ಟಿಕ್ಕುವುದನ್ನು ಸೋರಿಕೆಯೆಂದು ತಿಳಿದು ಅದರ ಬಾಯಿಗೆ ಬೂಚು ಹೊಡೆದಿರುವ ಮನೆಗಳನ್ನು ಕಂಡಾಗ ನನಗೆ ನಿಜವಾಗಿಯೂ ಭಯವಾಗುತ್ತದೆ. 25 ಲೀಟರ್ ನೀರು 20ರಿಂದ 60 ಡಿಗ್ರಿಗೆ ಕಾದಾಗ ಅದರ ಗಾತ್ರ ಮುನ್ನೂರೈವತ್ತು ಮಿಲಿಲೀಟರಿಗಿಂತ ಹೆಚ್ಚು ಹಿಗ್ಗುತ್ತದೆ. ವಾಪಸ್ ಹೋಗುವ ದಾರಿಯನ್ನು ಒಮ್ಮುಖ ವಾಲ್ವ್ ಮುಚ್ಚಿರುವುದರಿಂದ ಆ ಹೆಚ್ಚಳ ಹನಿಗಳಾಗಿ ಹೊರಬರಬೇಕು. ಥರ್ಮೋಸ್ಟಾಟ್ ಕೈಕೊಟ್ಟು ನೀರು ಕುದಿಯತೊಡಗಿದರೆ ಒತ್ತಡಕ್ಕೆ ಉಳಿಯುವ ಕೊನೆಯ ದಾರಿಯೂ ಅದೇ. ಗೀಸರ್ ಆರಿದ ಮೇಲೂ ಹಗಲಿಡೀ ತೊಟ್ಟಿಕ್ಕುತ್ತಿದ್ದರೆ ಮಾತ್ರ ವಾಲ್ವ್ ಬದಲಿಸಿ.

ಕರೆಂಟಿನ ವಿಷಯದಲ್ಲಿ ಸಂಕೋಚವಿಲ್ಲದೆ ಕಟುವಾಗಿಯೇ ಹೇಳಬೇಕಾಗುತ್ತದೆ. 2000 ವ್ಯಾಟ್‌ನ ಗೀಸರು ಸುಮಾರು 9 ಆಂಪಿಯರ್ ಎಳೆಯುತ್ತದೆ. ಅದನ್ನು 6 ಆಂಪಿಯರ್ ಸಾಕೆಟ್ಟಿಗೋ ಎಕ್ಸ್‌ಟೆನ್ಷನ್ ಬಾಕ್ಸಿಗೋ ಸಿಕ್ಕಿಸಿದರೆ ಪ್ಲಾಸ್ಟಿಕ್ ಕರಗಿ ವಾಸನೆ ಬರುವುದು ಖಂಡಿತ. ಕರೆಂಟ್ ಸೋರಿದೊಡನೆ ತಾನೇ ಲೈನ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಸ್ವಿಚ್ ಗೀಸರ್ ಹಾಕಿದ ಕೂಡಲೇ ಇಳಿಯುತ್ತಿದ್ದರೆ ಕಾಯಿಲ್‌ನ ಹೊರಕವಚ ಬಿರುಕು ಬಿಟ್ಟಿದೆ, ಕರೆಂಟ್ ನೀರಿಗೆ ಸೋರುತ್ತಿದೆ ಎಂದು ತಿಳಿಯಬೇಕು. ಆರ್‌ಸಿಸಿಬಿಯೇ ಕೆಟ್ಟಿದೆಯೆಂದು ಅದನ್ನು ತೆಗೆದು ನೇರ ವೈರ್ ಕೊಡುವುದು ಮನೆಯವರ ಜೀವದೊಡನೆ ಆಡುವ ಆಟ. ನಲ್ಲಿ ಮುಟ್ಟಿದಾಗ ಜುಂ ಎಂದರೆ ಆ ಕ್ಷಣವೇ ಮೇನ್ ಆರಿಸಿ. ನಮ್ಮ ಕಡೆ ಬೇಸಿಗೆಯಲ್ಲಿ ನೆಲ ಪೂರ್ತಿ ಒಣಗುವುದರಿಂದ ಅರ್ಥಿಂಗ್ ಗುಂಡಿಯೂ ನಿಷ್ಪ್ರಯೋಜಕವಾಗಿರುತ್ತದೆ, ಅದಕ್ಕೆ ಆಗಾಗ ನೀರು ಹಾಕುವ ಪದ್ಧತಿಯನ್ನು ಬಿಡಬಾರದು. ನೀರು ಕಾದ ಮೇಲೆ ಸ್ವಿಚ್ ಆರಿಸಿಯೇ ಸ್ನಾನಕ್ಕಿಳಿಯಬೇಕು.

ಗ್ಯಾಸ್ ಗೀಸರ್ ಹೊತ್ತಿಕೊಳ್ಳದಿದ್ದರೆ ಮೊದಲು ನೋಡಬೇಕಾದದ್ದು ಸೆಲ್‌ಗಳನ್ನು, ಆಮೇಲೆ ನೀರಿನ ರಭಸವನ್ನು. ನೀರು ಒಳಗಿನ ರಬ್ಬರ್ ಪೊರೆಯನ್ನು ತಳ್ಳಿದರೆ ಮಾತ್ರ ಕಿಡಿ ಹಾರುವ ವ್ಯವಸ್ಥೆ ಅದರಲ್ಲಿದೆ. ಹತ್ತು ಮೀಟರ್ ಎತ್ತರದ ಟ್ಯಾಂಕು ಒಂದು ಬಾರ್‌ನಷ್ಟು ಒತ್ತಡ ಕೊಡುತ್ತದೆ. ಒಂದೇ ಅಂತಸ್ತಿನ ಮನೆಯ ತಾರಸಿಯ ಮೇಲೆ ನೇರವಾಗಿ ಕೂರಿಸಿದ ಸಿಂಟೆಕ್ಸ್‌ನಿಂದ ಅದರ ಕಾಲುಭಾಗವೂ ಸಿಗುವುದು ಕಷ್ಟ, ಜೊತೆಗೆ ಒಳಹರಿವಿನ ಜಾಲರಿಯಲ್ಲಿ ಸುಣ್ಣದ ಹರಳು ತುಂಬಿದ್ದರೆ ಇರುವ ರಭಸವೂ ಹೋಗುತ್ತದೆ. ಇವೆಲ್ಲ ಸಣ್ಣ ಸಂಗತಿಗಳು. ದೊಡ್ಡ ಸಂಗತಿಯೆಂದರೆ ಗ್ಯಾಸ್ ಗೀಸರನ್ನು ಬಚ್ಚಲುಮನೆಯ ಒಳಗೆ ಎಂದಿಗೂ ಹಾಕಬಾರದು. ಬಾಗಿಲು ಕಿಟಕಿ ಮುಚ್ಚಿದ ಪುಟ್ಟ ಕೋಣೆಯಲ್ಲಿ ಉರಿ ಆಮ್ಲಜನಕವನ್ನು ಮುಗಿಸುತ್ತದೆ, ಅರೆಬರೆ ಉರಿಯುವ ಅನಿಲದಿಂದ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಗಟ್ಟಿಯಾಗಿ ಅಂಟಿಕೊಳ್ಳುವ ಅದು ಎಚ್ಚರಿಕೆ ಕೊಡದೆ ಪ್ರಜ್ಞೆ ತಪ್ಪಿಸುತ್ತದೆ. ಸ್ನಾನ ಮಾಡುತ್ತಿರುವಾಗ ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ ಪಿತ್ತವೆಂದು ತಳ್ಳಿಹಾಕದೆ ತಕ್ಷಣ ಹೊರಬರಬೇಕು. ಒಳಗೆ ಹೋದವರು ತಡಮಾಡಿದರೆ ಕೂಗಿ ಕೇಳಬೇಕು, ಉತ್ತರ ಬಾರದಿದ್ದರೆ ಬಾಗಿಲು ಒಡೆದು, ಸಿಲಿಂಡರ್ ಮುಚ್ಚಿ, ಅವರನ್ನು ಗಾಳಿಗೆ ತಂದು 108ಕ್ಕೆ ಕರೆ ಮಾಡಬೇಕು. ಉರಿ ನೀಲಿಯಾಗಿರದೆ ಹಳದಿಗೆ ತಿರುಗಿದ್ದರೆ ಬರ್ನರ್ ಶುಚಿಯಾಗುವವರೆಗೆ ಗೀಸರನ್ನು ಬಳಸಬೇಡಿ. ಗ್ಯಾಸ್ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟದೆ ಹೊರಬಂದು ಗ್ಯಾಸ್ ಸೋರಿಕೆಯ ತುರ್ತು ಸಂಖ್ಯೆಯಾದ 1906ಕ್ಕೆ ಫೋನ್ ಮಾಡಬಹುದು.

ಶಿಡ್ಲಘಟ್ಟದ ಕಡೆಯ ಹಳ್ಳಿಗಳಲ್ಲಿ ಸೊಪ್ಪು ಹುಳುವಿಗೆ ಹೋದ ಮೇಲೆ ಉಳಿಯುವ ಹಿಪ್ಪುನೇರಳೆ ಕಡ್ಡಿಯಿಂದ ಇಂದಿಗೂ ತಾಮ್ರದ ಬಾಯ್ಲರ್ ಉರಿಯುತ್ತದೆ, ನನ್ನ ಮಟ್ಟಿಗೆ ಅದು ಬಹಳ ಒಳ್ಳೆಯ ವ್ಯವಸ್ಥೆ. ಆದರೆ ಸುಣ್ಣ ನಿಜವಾಗಿಯೂ ಉರುವಲು ತಿನ್ನುವುದು ಇಲ್ಲಿಯೇ, ಏಕೆಂದರೆ ಬೆಂಕಿಯ ಶಾಖ ಲೋಹವನ್ನೂ ಸುಣ್ಣವನ್ನೂ ದಾಟಿ ನೀರಿಗೆ ಹೋಗಬೇಕು, ದಾಟಲಾಗದ ಶಾಖ ಹೊಗೆಯ ಜೊತೆ ಮೇಲೆ ಹೋಗಿಬಿಡುತ್ತದೆ. ಹೊಗೆ ಬಚ್ಚಲಿಗೇ ತಿರುಗಿ ಬರುತ್ತಿದ್ದರೆ ನಡುವಿನ ಕೊಳವೆಯಲ್ಲಿ ಮಸಿ ಕಟ್ಟಿರುತ್ತದೆ, ಇಲ್ಲವೇ ಕೆಳಗಿನ ಬೂದಿ ಗಾಳಿಯ ದಾರಿಯನ್ನು ಮುಚ್ಚಿರುತ್ತದೆ.

ತಾರಸಿಯ ಸೋಲಾರ್ ಹೀಟರಿನಲ್ಲಿ ಗಾಜಿನ ಕೊಳವೆಯ ತುದಿಯ ಬೆಳ್ಳಿಬಣ್ಣ ಹಾಲಿನಂತೆ ಬೆಳ್ಳಗಾಗಿದ್ದರೆ ಅದರ ನಿರ್ವಾತ ಹೋಗಿದೆ, ಆ ಕೊಳವೆಯೊಂದನ್ನೇ ಬದಲಿಸಿದರೆ ಸಾಕು. ಬಿಸಿಲಿನಲ್ಲಿ ಖಾಲಿಯಾಗಿ ಕಾದ ಕೊಳವೆಗೆ ತಣ್ಣೀರು ಬಿಟ್ಟರೆ ಗಾಜು ಒಡೆಯುತ್ತದೆ, ಟ್ಯಾಂಕ್ ಖಾಲಿಯಾದ ದಿನ ಸಂಜೆಯವರೆಗೆ ಕಾದು ನೀರು ತುಂಬಿಸಿ. ಗಾಳಿಯಾಡುವ ನಳಿಗೆ ಮುಚ್ಚಿಹೋಗಿಲ್ಲವೆಂಬುದನ್ನೂ ನೋಡಿಕೊಳ್ಳಬೇಕು, ಅದು ಕಟ್ಟಿಕೊಂಡರೆ ನೀರು ಇಳಿಯುವಾಗ ಒಳಟ್ಯಾಂಕು ಅಪ್ಪಚ್ಚಿಯಾಗುತ್ತದೆ.

ಇದೆಲ್ಲಕ್ಕೂ ತಕ್ಕ ಕಾಲವೆಂದರೆ ದಸರಾ ಮುಗಿದ ಮೇಲಿನ ವಾರಗಳು. ಎಲೆಕ್ಟ್ರಿಷಿಯನ್‌ಗಳು ಆಗ ಸಿಗುತ್ತಾರೆ, ಕೆಲಸವನ್ನು ಅವಸರವಿಲ್ಲದೆ ಮಾಡುತ್ತಾರೆ. ಜೊತೆಗೆ ತಾರಸಿಯ ಮಳೆನೀರನ್ನು ಸೋಸಿ ತೊಟ್ಟಿಯಲ್ಲಿ ಹಿಡಿದಿಟ್ಟಿರುವವರು ಅದನ್ನು ಮೇಲೆತ್ತಿ, ಗೀಸರಿನ ಲೈನಿಗೆ ಮಾತ್ರ ಪ್ರತ್ಯೇಕ ಸಣ್ಣ ಟ್ಯಾಂಕಿನಿಂದ ಕೊಡಬಹುದು. ಆ ನೀರಿನಲ್ಲಿ ಸುಣ್ಣವಿರುವುದಿಲ್ಲವಾದ್ದರಿಂದ, ಅದು ಮುಗಿಯುವವರೆಗೂ ಕಾಯಿಲ್‌ನ ಮೇಲೆ ಹೊಸ ಪದರ ಕಟ್ಟುವುದಿಲ್ಲ.